ಕಟ್ಟುತ್ತಿದೆಯೋ ಕಳಚುತ್ತಿದೆಯೋ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವುದೆಲ್ಲ ನಿಂತುಹೋದದ್ದು. ಕೆಲಸಕ್ಕೆ ಸೇರಿದ ದಿನ ಇದನ್ನು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೂ ಅದರ ಅರ್ಥ ನನಗೆ ಆಗುತ್ತಿರಲಿಲ್ಲ. ಅದಕ್ಕೂ ಮೊದಲು ನಾನು ಥಾಣೆ ಕಡೆಯ ಕಲ್ಯಾಣದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಹುಡುಗರಿಗೆ ಅಮೀಬಾ ತೋರಿಸುತ್ತಿದ್ದವಳು. ಅಲ್ಲಿ ಗಾಜಿನ ಪಟ್ಟಿಯ ಮೇಲೆ ಅಮೀಬಾ ಹರಿದಾಡುತ್ತಿತ್ತು, ತಿನ್ನುವುದನ್ನು ತಬ್ಬಿ ನುಂಗುತ್ತಿತ್ತು, ನಾವು ಬಗ್ಗಿ ನೋಡುತ್ತಿದ್ದೆವು. ಮಹಾಪೆಯ ಕೈಗಾರಿಕಾ ವಸಾಹತಿನ ಅಂಚಿನಲ್ಲಿದ್ದ ಸಂಶೋಧನಾ ಸಂಸ್ಥೆಯಲ್ಲಿ ನನ್ನ ವಶಕ್ಕೆ ಬಂದ ಯಂತ್ರ ಬೇರೆಯೇ ಜಾತಿಯದು. ಅದರೊಳಗೆ ಗಾಳಿ ಇಲ್ಲ, ನೀರಿಲ್ಲ. ಒಳಗೆ ಹೋಗುವ ಮೊದಲೇ ಎಲ್ಲವೂ ಒಣಗಿರಬೇಕು. ವೈರಸ್ ಹೇಗೆ ಕಟ್ಟಿಕೊಳ್ಳುತ್ತದೆ, ಹೇಗೆ ಕಳಚಿಕೊಳ್ಳುತ್ತದೆ ಎನ್ನುವುದು ನಮ್ಮ ವಿಷಯವಾಗಿತ್ತು. ಆದರೆ ಕಟ್ಟುವುದನ್ನಾಗಲಿ ಕಳಚುವುದನ್ನಾಗಲಿ ನಾವು ಯಾವತ್ತೂ ನೋಡಲಿಲ್ಲ. ನೋಡಿದ್ದು ಬಿಡಿ ಬಿಡಿ ಚಿತ್ರಗಳನ್ನು ಮಾತ್ರ. ನಡುವಿನದನ್ನು ತುಂಬಿದ್ದು ನಮ್ಮ ತಲೆ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಥಾಣೆಯ ವರ್ತಕ ನಗರದ ನನ್ನ ಮನೆಗೆ ಆಗಾಗ ಬರುತ್ತಾರೆ. ಯಂತ್ರ ನಡೆಸುವುದು ಹೇಗೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಅದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ. ದಿನಚರಿ ಬರೆಯುವ ಅಭ್ಯಾಸ ನನಗೆ ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಿನಿಂದ ಇದೆ. ಆದರೆ ತಿರುವಿ ಹಾಕಿದರೆ ಅದರಲ್ಲಿ ರೈಲು ತಡವಾದದ್ದು, ಸೊಂಟ ಹಿಡಿದದ್ದು, ಯಾರದೋ ಮದುವೆ, ಇಂಥವೇ ಹೆಚ್ಚು. ಮುಖ್ಯವಾದ ದಿನಗಳಲ್ಲಿ ನಾನು ಏನೂ ಬರೆದಿಲ್ಲ. ಇಲ್ಲಿರುವ ಮಾತುಗಳು ನೆನಪಿನಿಂದ ಬಂದವು. ಅವು ಹೀಗೇ ಇದ್ದವೆಂದು ಆಣೆ ಮಾಡಲಾರೆ.

ಮೊದಲ ತಿಂಗಳುಗಳಲ್ಲಿ ನನ್ನನ್ನು ಕಂಗೆಡಿಸಿದ್ದು ಗ್ರಿಡ್. ಗ್ರಿಡ್ ಅಂದರೆ ತಾಮ್ರದ ಪುಟ್ಟ ಜಾಲರಿ, ಹಣೆಗೆ ಹಚ್ಚುವ ತೀರ ಚಿಕ್ಕ ಟಿಕಲಿಯಷ್ಟು. ಅದರ ಮೇಲೆ ವೈರಸ್ ಇರುವ ನೀರಿನ ಹನಿ ಇಟ್ಟು, ಸೋಸುಕಾಗದದ ಅಂಚಿನಿಂದ ಹೀರಿಸಿ, ಮೇಲೆ ಬಣ್ಣದ ಹನಿ ಇಟ್ಟು, ಮತ್ತೆ ಹೀರಿಸಿ ಒಣಗಿಸಬೇಕು. ಬಣ್ಣವೆಂದರೆ ಯುರೇನಿಯಂ ಲವಣದ ತೆಳು ಹಳದಿ ದ್ರಾವಣ. ಅದು ವೈರಸ್ಸಿನ ಸುತ್ತ ನಿಂತು ನೆಲವನ್ನು ಕಪ್ಪಾಗಿಸುತ್ತದೆ, ವೈರಸ್ ಬೆಳ್ಳಗೆ ಎದ್ದು ಕಾಣುತ್ತದೆ. ಚಿಪ್ಪು ಒಡೆದಿದ್ದರೆ ಬಣ್ಣ ಒಳಗೂ ನುಗ್ಗಿ ಹೊಟ್ಟೆ ಕಪ್ಪಾಗುತ್ತದೆ. ಬೆಳಗಿನಿಂದ ಸಿದ್ಧಮಾಡಿದ ಗ್ರಿಡ್ಡುಗಳನ್ನು ನಾನೇ ಒಮ್ಮೆ ಸೀನಿ ಹಾರಿಸಿಬಿಟ್ಟೆ. ಅವುಗಳಲ್ಲೊಂದು ಸಂಜೆ ಥಾಣೆಯ ರೈಲಿನಲ್ಲಿ ನನ್ನ ಸೀರೆಯ ನೆರಿಗೆಯಿಂದ ಉದುರಿತು. ಪಕ್ಕದಲ್ಲಿದ್ದ ಹೆಂಗಸು "ತುಮಚೀ ಟಿಕಲೀ ಪಡಲೀ," ನಿಮ್ಮ ಟಿಕಲಿ ಬಿತ್ತು ಎಂದು ಎತ್ತಿಕೊಟ್ಟಳು.

ಇನ್ನೊಂದು ಕಾಟ ನಡುಕದ್ದು. ಚಿತ್ರಗಳೆಲ್ಲ ಕಲಸಿದ ಹಾಗೆ ಬರುತ್ತಿದ್ದವು. ಕಂಪನಿಯ ಇಂಜಿನಿಯರ್ ಬಂದು ಯಂತ್ರ ಬಿಚ್ಚಿ ಜೋಡಿಸಿ ಹೋದ. ಕೊನೆಗೆ ತಿಳಿದದ್ದು, ಗೋಡೆಯಾಚೆಯ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರ ಬಡಿದಾಗಲೆಲ್ಲ ನಮ್ಮ ವೈರಸ್ಸುಗಳು ಕುಣಿಯುತ್ತಿದ್ದವು ಎಂದು. ಅಲ್ಲಿಂದ ಮುಂದೆ ಆ ಕಾರ್ಖಾನೆಯವರು ಊಟಕ್ಕೆ ಕೂತಾಗ ನಾವು ಚಿತ್ರ ತೆಗೆಯುತ್ತಿದ್ದೆವು. ಅವರು ಕೈ ತೊಳೆದ ಮೇಲೆ ನಮ್ಮ ಡಬ್ಬಿ ತೆರೆಯುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಮೈಸೂರಿನ ಡಾ. ನಂಜುಂಡಯ್ಯ. ಇಸ್ತ್ರಿ ಮಾಡಿದ ಅಂಗಿ, ತೂಕದ ಮಾತು. ಸೂಕ್ಷ್ಮದರ್ಶಕಕ್ಕೆ ಆಯುಧಪೂಜೆ ಆಗಲೇಬೇಕು ಅವರಿಗೆ. ಒಂದು ವರ್ಷ ಖಂಡೇನವಮಿಯ ದಿನ ಯಂತ್ರಕ್ಕೆ ಝೆಂಡೂ, ಅಂದರೆ ಚೆಂಡು ಹೂವಿನ ಹಾರ ಹಾಕಿ, ಕರ್ಪೂರ ಹಚ್ಚಿ, ಪೇಡೆ ಹಂಚಿದೆವು. ಎರಡು ದಿನ ಬಿಟ್ಟು ನೋಡಿದರೆ ನಮ್ಮ ಮಾದರಿಯಲ್ಲಿ ಹೊಸ ವೈರಸ್! ಚಿಕ್ಕ ಚಿಕ್ಕ ಗುಂಡುಗಳು, ಮಣಿಸರದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಡಾ. ನಂಜುಂಡಯ್ಯ ಕುರ್ಚಿ ಎಳೆದುಕೊಂಡು ಕೂತರು.

"ಸುಮಾ ಅವ್ರೇ, ಇದನ್ನ ಯಾರೂ ನೋಡಿಲ್ಲ ಇದುವರೆಗೆ," ಅಂದರು. 

ನಾನು ಬರೀ ಶುದ್ಧ ನೀರಿನ ಹನಿ ಇಟ್ಟ ಗ್ರಿಡ್ ಹಾಕಿ ನೋಡಿದೆ. ಅದರಲ್ಲೂ ಅವೇ ಮಣಿಸರ. ಪೂಜೆಯ ದಿನ ಗ್ರಿಡ್ಡುಗಳ ಪೆಟ್ಟಿಗೆ ಮೇಜಿನ ಮೇಲೆ ತೆರೆದೇ ಇತ್ತು. ಕರ್ಪೂರದ ಮಸಿ ಅದು.

"ಸರ್, ನೀರಾಗೂ ಐತ್ರಿ," ಅಂದೆ.

ಅವರು ಪರದೆ ನೋಡಿ, "ಮುಂದಿನ ವರ್ಷದಿಂದ ಹೂವಷ್ಟೇ ಸಾಕು," ಎಂದು ಎದ್ದುಹೋದರು. ನಾವೆಲ್ಲ ನಕ್ಕೆವು.  ನಮ್ಮ ಕೈಯಿಂದ ಬಿದ್ದದ್ದನ್ನು ನಾವೇ ಪ್ರಕೃತಿಯ ಗುಟ್ಟು ಎಂದುಕೊಳ್ಳಬಲ್ಲೆವು ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿರಲಿಲ್ಲ. ಆದರೂ ನಾವು ಎಚ್ಚರಗೊಳ್ಳಲಿಲ್ಲ.

ಆ ದಿನಗಳಲ್ಲಿ ಚಿತ್ರ ತೆಗೆಯುತ್ತಿದ್ದುದು ಫಿಲ್ಮಿನ ಮೇಲೆ. ಕತ್ತಲೆ ಕೋಣೆಯಲ್ಲಿ ತೊಳೆದು, ಒಣಗಿಸಿ, ಏನು ಸಿಕ್ಕಿತೆಂದು ನೋಡಲು ಮರುದಿನವೇ ಆಗುತ್ತಿತ್ತು. ಸಿಕ್ಕಿದ ಒಂದೊಂದನ್ನೂ ದಿಟ್ಟಿಸುತ್ತಿದ್ದೆವು. ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ಒಂದು ಬೆಳಗಿನಲ್ಲಿ ರಾಶಿ ರಾಶಿ ಚಿತ್ರ. ಎಲ್ಲರೂ ಹಿಗ್ಗಿದೆವು. ಅದರಿಂದ ಏನು ಕೆಟ್ಟಿತು ಎಂಬುದು ಬಹಳ ತಡವಾಗಿ ಹೊಳೆಯಿತು. ಚಿತ್ರ ಕಡಿಮೆ ಇದ್ದಾಗ ಇದ್ದದ್ದನ್ನು ಅರ್ಥ ಮಾಡಿಕೊಳ್ಳಬೇಕಿತ್ತು. ಹೆಚ್ಚಾದ ಮೇಲೆ ನಮ್ಮ ಅರ್ಥಕ್ಕೆ ಹೊಂದುವುದನ್ನು ಆರಿಸಿಕೊಳ್ಳಬಹುದಾಗಿತ್ತು.

ಶ್ವೇತಾ ಶೆಟ್ಟಿ ಪಿಎಚ್.ಡಿ.ಗೆ ಬಂದದ್ದು ಆ ಹೊಸ ಕ್ಯಾಮೆರಾ ಬಂದ ಮೇಲೆ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಅವಳ ತಂದೆ ಜಯಣ್ಣ ಶೆಟ್ಟರು ಸ್ಟೇಶನ್ ಹತ್ತಿರ ಹೋಟೆಲ್ ನಡೆಸುತ್ತಿದ್ದರು. ಮೂಲ ಉಡುಪಿ ಕಡೆ. ಮನೆಯಲ್ಲಿ ತುಳು, ಹೊರಗೆ ಮರಾಠಿ, ನನ್ನ ಜೊತೆ ಒಂದು ಮಾತು ಕನ್ನಡ, ಎರಡು ಮಾತು ಹಿಂದಿ. ನಾನು ಅವಳಿಗೆ ಮೊದಲ ದಿನದಿಂದಲೇ ಅಕ್ಕ.

ಅವಳ ವೈರಸ್ ಸಿಕ್ಕಿದ್ದೂ ಅವಳ ಬಿಲ್ಡಿಂಗಿನ ಟೆರೇಸಿನ ನೀರಿನ ಟಾಂಕಿಯಲ್ಲಿ. ಅಮೀಬಾಗಳಿಗೆ ಮಾತ್ರ ತಗಲುವ ದೈತ್ಯ ವೈರಸ್ ಅದು, ನಮಗೆ ನಿಮಗೆ ಏನೂ ಮಾಡುವುದಿಲ್ಲ. ಇಪ್ಪತ್ತು ಮುಖಗಳ ಚಿಪ್ಪು. ಚಿಪ್ಪಿನ ಒಂದು ಮೂಲೆಯಲ್ಲಿ ಐದು ದಳದ ನಕ್ಷತ್ರದಂಥ ಮುಚ್ಚಳ. ಖುಷಿಯಲ್ಲಿ ಇವಳು ಬಿಲ್ಡಿಂಗಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗೆ ಹೇಳಿಬಿಟ್ಟಳು. ಆತ ಮಾರನೆಯ ದಿನವೇ ಟಾಂಕಿ ಖಾಲಿ ಮಾಡಿಸಿ, ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿದ.

"ಅಕ್ಕಾ, ಮೈನೇ ಬೋಲಾ ಅಂಕಲ್, ಮನುಷ್ಯರಿಗೆ ಏನೂ ಆಗುದಿಲ್ಲ ಅಂತ. ವೋ ಬೋಲೇ, ಬೇಟಾ, ಅಮೀಬಾ ಕೂಡ ನಮ್ಮ ಸೊಸೈಟಿಯದ್ದೇ!" ಎಂದು ನಗುತ್ತ ಅತ್ತಳು. ಬಾಟಲಿಯಲ್ಲಿ ಮೊದಲೇ ತಂದಿಟ್ಟ ನೀರಿನಿಂದ ವೈರಸ್ ಉಳಿಯಿತು.

ಅವಳಿಗೆ ಕಂಡ ಚಿತ್ರಗಳು ಐದು ಬಗೆಯವು. ಚಪ್ಪಟೆಯಾದ ಖಾಲಿ ಚಿಪ್ಪು. ಹೊಟ್ಟೆ ಕಪ್ಪಾದ ಅರೆಬರೆ ಚಿಪ್ಪು. ನಕ್ಷತ್ರ ಪೂರ್ತಿ ತೆರೆದು, ಒಳಗೆ ಅರ್ಧ ತುಂಬಿದ ಚಿಪ್ಪು. ನಕ್ಷತ್ರ ಕೊಂಚ ಬಿರಿದದ್ದು. ಕೊನೆಗೆ ಪೂರ್ತಿ ಮುಚ್ಚಿ ಬೆಳ್ಳಗೆ ತುಂಬಿದ್ದು. ಇದನ್ನು ನೋಡಿದರೆ ಯಾರಿಗಾದರೂ ಏನನ್ನಿಸುತ್ತದೆ? ಚಿಪ್ಪು ಮೊದಲು ಆಗುತ್ತದೆ, ನಕ್ಷತ್ರದ ಬಾಗಿಲಿನಿಂದ ಒಳಗಿನ ಸಾಮಾನು ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ವೈರಸ್ ಕಟ್ಟಿ ಮುಗಿಯಿತು. ಡಾ. ನಂಜುಂಡಯ್ಯ ಆ ಐದು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಇದೇ ನಿನ್ನ ಥೀಸಿಸ್ಸು," ಅಂದರು. ಮುಂದಿನ ವರ್ಷಗಳೆಲ್ಲ ಆ ಸಾಲನ್ನು ತುಂಬಿಸುವ ಚಿತ್ರಗಳನ್ನು ಹುಡುಕುವುದರಲ್ಲೇ ಕಳೆದವು. ವಾರ್ಷಿಕ ಪರಿಶೀಲನೆಗೆ ಬಂದ ಸಮಿತಿ ಮೆಚ್ಚಿತು. ಅದರಲ್ಲಿದ್ದ ಪುಣೆಯ ಹಿರಿಯ ಪ್ರಾಧ್ಯಾಪಕಿ ಚಪ್ಪಾಳೆಯನ್ನೇ ತಟ್ಟಿದರು, ಪಿಎಚ್.ಡಿ. ಮುಗಿಸಿದ ಕೂಡಲೇ ತಮ್ಮ ಪ್ರಯೋಗಾಲಯಕ್ಕೆ ಬಾ ಎಂದು ಶ್ವೇತಾಳನ್ನು ಕರೆದರು.

ಜಯಣ್ಣ ಶೆಟ್ಟರು ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು: "ಎಂತ ಮೇಡಂ, ನಿಮ್ಮ ವೈರಸ್ಸಿಗೆ ಇನ್ನೂ ಸ್ಲಾಬ್ ಬಿದ್ದದ್ದಿಲ್ವಾ? ನಮ್ಮ ಘೋಡಬಂದರ್ ರಸ್ತೆಯಲ್ಲಿ ಅಷ್ಟರೊಳಗೆ ಮೂವತ್ತು ಮಾಳಿಗೆ ಎದ್ದಿತು!"

ಥೀಸಿಸ್ ಬರೆದು ಮುಗಿಯುತ್ತ ಬಂದಿತ್ತು. ಅವಳ ಫೆಲೋಶಿಪ್ಪಿನ ಅವಧಿಯೂ ಮುಗಿಯುತ್ತ ಬಂದಿತ್ತು. ಸಲ್ಲಿಸುವ ಮೊದಲಿನ ಸೆಮಿನಾರಿಗೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಯುರೇನಿಯಂ ಲವಣ ತೀರಿತು. ಅದನ್ನು ತರಿಸಲು ಪರವಾನಗಿ ಬೇಕು, ಪರವಾನಗಿ ಎಲ್ಲೋ ಸಿಕ್ಕಿಕೊಂಡಿತ್ತು. ಶ್ವೇತಾಳಿಗೆ ಇನ್ನೊಂದೆರಡು ಚಂದದ ಚಿತ್ರ ಬೇಕಿದ್ದವು. ಕಪಾಟಿನಲ್ಲಿ ಟಂಗ್‌ಸ್ಟನ್ ಲವಣದ ಬಣ್ಣವಿತ್ತು. ಅದನ್ನೇ ಬಳಸು ಎಂದೆ. ಅದು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ನೀರಿನಷ್ಟೇ ಸಪ್ಪೆ.

ಕಾರ್ಖಾನೆಯವರ ಊಟದ ಹೊತ್ತು. ಗ್ರಿಡ್ ಒಳಗೆ ಹಾಕಿದೆವು. ಎಲ್ಲಿ ನೋಡಿದರೂ ಬೆಳ್ಳಗೆ ತುಂಬಿ ಮುಚ್ಚಿದ ವೈರಸ್ಸುಗಳು. ಒಂದು ಚೌಕ, ಇನ್ನೊಂದು ಚೌಕ, ಮತ್ತೊಂದು.

"ಅಕ್ಕಾ, ಸಬ್ ಬಂದ್ ಹೈ," ಅಂದಳು ಶ್ವೇತಾ. "ಒಂದೂ ತೆರೆದದ್ದಿಲ್ಲ. ಮೇರಾ ಸ್ಟಾರ್ ಕಹಾಂ ಗಯಾ?"

"ಮಾದರಿ ಕೆಟ್ಟಿರಬೇಕು ತಗೋ."

"ಕೆಟ್ಟರೆ ಒಡೀಬೇಕಲ್ಲ? ಯೇ ತೋ ಏಕದಮ್ ಫ್ರೆಶ್ ಉಂಟು."

ಅವಳು ಹೇಳಿದ್ದು ಸರಿ. ಕೆಟ್ಟದ್ದು ಮುಚ್ಚಿಕೊಂಡಿರುವುದಿಲ್ಲ. ತೀರಿತೆಂದು ಬದಿಗಿಟ್ಟಿದ್ದ ಯುರೇನಿಯಂ ಬಾಟಲಿಯ ತಳದಲ್ಲಿ ಕೆಲವು ಹನಿ ಉಳಿದಿದ್ದವು. ಅದೇ ಮಾದರಿಯ ಎರಡು ಹನಿ, ಎರಡು ಗ್ರಿಡ್, ಒಂದಕ್ಕೆ ಹಳೆಯ ಬಣ್ಣ, ಇನ್ನೊಂದಕ್ಕೆ ಹೊಸದು. ಹೊಸದರಲ್ಲಿ ಎಲ್ಲವೂ ಮುಚ್ಚಿದ್ದವು. ಹಳೆಯದರಲ್ಲಿ ನಕ್ಷತ್ರಗಳೆಲ್ಲ ತೆರೆದಿದ್ದವು.

 ಯುರೇನಿಯಂ ಬಣ್ಣ ಹುಳಿ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ಡಾ. ನಂಜುಂಡಯ್ಯನವರಿಗೂ ಗೊತ್ತಿತ್ತು, ಪುಸ್ತಕದ ಮೊದಲ ಪಾಠದಲ್ಲೇ ಇರುತ್ತದೆ. ಆ ಹುಳಿ ತಗಲಿದ ಕೂಡಲೇ ಪೂರ್ತಿ ತುಂಬಿದ ವೈರಸ್ ಬಾಗಿಲು ತೆರೆದು ಒಳಗಿನದನ್ನೆಲ್ಲ ಚೆಲ್ಲುತ್ತಿತ್ತು. ಕೆಲವು ಈಗಷ್ಟೇ ಬಿರಿದಿದ್ದವು, ಕೆಲವು ಅರ್ಧ ಚೆಲ್ಲಿದ್ದವು, ಕೆಲವು ಖಾಲಿಯಾಗಿ ಚಪ್ಪಟೆಯಾಗಿದ್ದವು. ಅಷ್ಟರಲ್ಲಿ ಬಣ್ಣ ಒಣಗಿ ಎಲ್ಲ ಇದ್ದಲ್ಲೇ ನಿಲ್ಲುತ್ತಿತ್ತು. ಕಟ್ಟಡ ಏಳುತ್ತಿದೆ ಎಂದು ನಾವು ವರ್ಷಗಟ್ಟಲೆ ನೋಡಿದ್ದು ಬೀಳುತ್ತಿರುವ ಕಟ್ಟಡವನ್ನು. ಬೀಳಿಸುತ್ತಿದ್ದವರೂ ನಾವೇ. ಗ್ರಿಡ್ಡಿನ ಮೇಲೆ, ನಮ್ಮ ಹನಿಯೊಳಗೆ.

ಶ್ವೇತಾ ಚಿಮಟಿಗೆಯನ್ನು ಕೆಳಗಿಟ್ಟಳು. "ಉಲ್ಟಾ," ಅಂದಳು. ಅಷ್ಟೇ.

ಡಾ. ನಂಜುಂಡಯ್ಯ ಮೊದಲು ನಂಬಲಿಲ್ಲ. ಇನ್ನೊಮ್ಮೆ ಮಾಡಿ, ಮತ್ತೊಮ್ಮೆ ಮಾಡಿ ಅಂದರು. ಬಣ್ಣವೇ ಇಲ್ಲದೆ ಬರೀ ಹುಳಿ ನೀರು ತಗಲಿಸಿ, ಆಮೇಲೆ ಸಪ್ಪೆ ಬಣ್ಣ ಹಾಕಿಸಿದರು. ಆಗಲೂ ನಕ್ಷತ್ರ ತೆರೆಯಿತು. ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಇಲ್ಲಿ ನನ್ನ ನೆನಪು ಸರಿಯಿಲ್ಲ. ಅವರು ಕನ್ನಡಕ ಒರೆಸುತ್ತ ಮಾತಾಡಿದರು ಎಂದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ಶ್ವೇತಾಳಿಗೆ ಫೋನ್ ಮಾಡಿ ಕೇಳಿದರೆ, ಇಲ್ಲ, ನಮಗೆ ಬೆನ್ನು ಹಾಕಿ ಕಿಟಕಿಯಲ್ಲಿ ನಿಂತಿದ್ದರು ಅನ್ನುತ್ತಾಳೆ. ಮಾತು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

"ಸೆಮಿನಾರ್ ಮುಗಿಸ್ಕೊಂಬಿಡಮ್ಮಾ. ಥೀಸಿಸ್ ಕೊಡು, ಪುಣೆಗೆ ಹೋಗಿ ಸೇರ್ಕೊ. ಆಮೇಲೆ ನಿಧಾನಕ್ಕೆ ಒಂದು ಪೇಪರ್ ಬರೆದು ತಿದ್ದೋಣ. ಈಗ ಬಾಯಿಬಿಟ್ರೆ ನಿನ್ನದು ಎಲ್ಲಾ ಹೋಗುತ್ತೆ."

ಅವರು ತಮ್ಮನ್ನು ಕಾಪಾಡಿಕೊಳ್ಳಲು ಹಾಗೆ ಹೇಳಿದರೋ, ಅವಳನ್ನು ಕಾಪಾಡಲು ಹೇಳಿದರೋ? ಅಂದು ನನಗೆ ಮೊದಲನೆಯದೇ ಕಂಡಿತ್ತು. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ಅವಳದು ಎಲ್ಲಾ ಹೋಗುತ್ತದೆ ಎಂಬುದಂತೂ ನಿಜವಾಗಿತ್ತು.

ಆ ಶನಿವಾರ ಅವಳ ಜೊತೆ ನಾನೂ ಡೊಂಬಿವಲಿಗೆ ಹೋದೆ. ಮಧ್ಯಾಹ್ನದ ಗಿರಾಕಿ ಇಳಿದ ಹೊತ್ತು, ಮೇಜುಗಳ ಮೇಲೆ ಕುರ್ಚಿ ಎತ್ತಿಟ್ಟು ನೆಲ ಒರೆಸುತ್ತಿದ್ದರು. ಮಗಳ ಮುಖ ನೋಡಿದ್ದೇ ಶೆಟ್ಟರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, "ದಾದಾಂಡ್?" ಏನಾಯಿತು ಎಂದು ತುಳುವಿನಲ್ಲಿ ಕೇಳಿದರು. ಅವಳು ಹೇಳಿದಳು. ಅವರು ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು.

"ಅಲ್ಲ ಮೇಡಂ, ಕಟ್ಟುದು ಯಾವುದು, ಒಡಿಯೂದು ಯಾವುದು ಅಂತ ಗೊತ್ತಾಗುದಿಲ್ವಾ? ಇಷ್ಟು ವರ್ಷ ನೀವು ಇಬ್ಬರು ಎಂತ ನೋಡಿದ್ದು ಮತ್ತೆ?"

ಕೋಪವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ತಿಳಿಯದೆ ಕೇಳಿದರು.  ಅರ್ಧ ಗೋಡೆಯ ಚಿತ್ರದಲ್ಲಿ ಗಾರೆಯವನು ಇಟ್ಟಿಗೆ ಇಡಲು ಕೈ ಚಾಚಿದ್ದಾನೋ ತೆಗೆಯಲು ಚಾಚಿದ್ದಾನೋ ಹೇಗೆ ಹೇಳುವುದು ಎಂದು ಏನೋ ತೊದಲಿದೆ.

"ಪಪ್ಪಾ, ಸರ್ ಹೇಳ್ತಾರೆ ಈಗ ಸುಮ್ಮನೆ ಕೊಟ್ಟುಬಿಡು ಅಂತ," ಅಂದಳು ಶ್ವೇತಾ.

"ಕೊಡು ಮತ್ತೆ! ದೊಡ್ಡವರು ಹೇಳಿದ್ದಲ್ವಾ?"

"ಮತ್ತೆ ಯಾರಾದರೂ ಅದನ್ನು ನಂಬಿ ಮುಂದಿನ ಕೆಲಸ ಮಾಡಿದ್ರೆ?"

ಶೆಟ್ಟರು ಚಹಾ ತರಿಸಿದರು. ಅವಳು ಮುಟ್ಟಲಿಲ್ಲ. ಏನು ಮಾಡುತ್ತಾಳೆಂದು ನಮ್ಮಿಬ್ಬರಿಗೂ ತಿಳಿಸಲಿಲ್ಲ. ಸೆಮಿನಾರಿನ ದಿನದವರೆಗೆ ನನ್ನ ಜೊತೆಗೂ ಮಾತು ಕಡಿಮೆ ಮಾಡಿದಳು.

ಸೆಮಿನಾರಿನ ಕೋಣೆಯಲ್ಲಿ ಸಮಿತಿಯವರು ಮುಂದಿನ ಸಾಲಿನಲ್ಲಿದ್ದರು. ಪುಣೆಯ ಪ್ರಾಧ್ಯಾಪಕಿಯ ಎಡಕ್ಕೆ ಡಾ. ನಂಜುಂಡಯ್ಯ, ಬಲಕ್ಕೆ ನಾನು. ಶ್ವೇತಾ ಲ್ಯಾಪ್‌ಟಾಪ್ ಜೋಡಿಸಿದಳು. ಪರದೆಯ ಮೇಲೆ ಮೊದಲು ಬಂದದ್ದು, ಎಲ್ಲರೂ ಕೊನೆಯಲ್ಲಿ ಹಾಕುವ 'ಥ್ಯಾಂಕ್ ಯೂ' ಎಂಬ ಪುಟ. ಹಿಂದಿನಿಂದ ಯಾರೋ, "ಅರೇ, ಸುರುವಾತೀಲಾಚ್ ಸಂಪಲಂ?" ಶುರುವಿಗೇ ಮುಗಿಯಿತೇ ಎಂದರು, ನಗು ಎದ್ದಿತು.

ಅವಳು ನಗಲಿಲ್ಲ. ಹೋದ ವರ್ಷ ಇದೇ ಸಮಿತಿಗೆ ತೋರಿಸಿದ್ದ ಫೈಲ್ ಇದು, ಒಂದು ಚಿತ್ರವನ್ನೂ ಬದಲಾಯಿಸಿಲ್ಲ, ಆದರೆ ಇವತ್ತು ಹಿಂದಿನಿಂದ ಮುಂದಕ್ಕೆ ತೋರಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಎಡಗಡೆಯ ಬಾಣದ ಗುಂಡಿ ಒತ್ತಿದಳು. ತುಂಬಿ ಮುಚ್ಚಿದ ವೈರಸ್. ಮತ್ತೆ ಒತ್ತಿದಳು. ನಕ್ಷತ್ರ ಕೊಂಚ ಬಿರಿಯಿತು. ಮೂಲೆಯಲ್ಲಿ ಪುಟದ ಸಂಖ್ಯೆ ಇಳಿಯುತ್ತ ಹೋಯಿತು. ಬಾಗಿಲು ಪೂರ್ತಿ ತೆರೆಯಿತು, ಹೊಟ್ಟೆ ಕಪ್ಪಾಯಿತು, ಚಿಪ್ಪು ಚಪ್ಪಟೆಯಾಯಿತು. ಎಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಕಣ್ಣೆದುರು ಒಂದು ಜೀವ ಕುಸಿದಂತಾಗಿ ಕುರ್ಚಿಯ ಕೈ ಹಿಡಿದುಕೊಂಡೆ.  ಆಮೇಲೆ ಬೇರೆ ಫೈಲ್ ತೆರೆದು ಎರಡು ಬಣ್ಣದ ಗ್ರಿಡ್ಡುಗಳನ್ನು ತೋರಿಸಿದಳು.

"ಹೋದ ವರ್ಷವೂ ನೀನು ಇಷ್ಟೇ ಖಚಿತವಾಗಿ ಹೇಳಿದ್ದೆ," ಎಂದರು ಪುಣೆಯ ಪ್ರಾಧ್ಯಾಪಕಿ.

"ಹೌದು ಮ್ಯಾಡಮ್."

"ನಿಜವಾದ ಬದುಕಿನಲ್ಲಿ ಇದಕ್ಕೆ ಹುಳಿ ಎಲ್ಲಿ ಸಿಗುತ್ತದೆ?"

ಅಮೀಬಾ ವೈರಸ್ಸನ್ನು ನುಂಗಿದಾಗ ಅದರ ಹೊಟ್ಟೆಯ ಚೀಲದಲ್ಲಿ ಸಿಗಬಹುದು, ಆದರೆ ಇನ್ನೂ ನೋಡಿಲ್ಲ ಎಂದಳು. ಹಾಗಾದರೆ ಥೀಸಿಸ್ ಮುಗಿದಿಲ್ಲ ಎಂದರು ಅವರು. ಅದೇ ತೀರ್ಪೂ ಆಯಿತು. ಸಲ್ಲಿಸಲು ಒಪ್ಪಿಗೆ ಸಿಗಲಿಲ್ಲ, ಫೆಲೋಶಿಪ್ ನಿಂತಿತು, ಪುಣೆಯ ಜಾಗ ಬೇರೆಯವರಿಗೆ ಹೋಯಿತು. ಬೆಳಗಿನ ಹೊತ್ತು ಕಾಲೇಜೊಂದರಲ್ಲಿ ಪಾಠ ಹೇಳಿ, ಮಧ್ಯಾಹ್ನ ನಮ್ಮಲ್ಲಿ ಅಮೀಬಾಗಳನ್ನು ತೆಳುವಾಗಿ ಸೀಳಿ ನೋಡುತ್ತ, ವೈರಸ್ ಹೇಗೆ ಕಳಚಿಕೊಳ್ಳುತ್ತದೆ ಎಂದು ಅವಳು ಹೊಸ ಥೀಸಿಸ್ ಬರೆದು ಮುಗಿಸಿದ್ದು ಬಹಳ ಆಮೇಲೆ, ನಾನು ನಿವೃತ್ತಳಾಗುವ ಹೊತ್ತಿಗೆ.

ಆದರೆ ಆ ದಿನ ಕೋಣೆಯಲ್ಲಿ ಇನ್ನೊಂದು ಮಾತು ಬಾಕಿ ಇತ್ತು. ಸೆಮಿನಾರುಗಳಲ್ಲಿ ಡಾ. ನಂಜುಂಡಯ್ಯ ತಮ್ಮ ವಿದ್ಯಾರ್ಥಿಗಳನ್ನು ಕೇಳುತ್ತಿದ್ದ ಪ್ರಶ್ನೆಗಳ ಉತ್ತರ ಅವರಿಗೂ ಮೊದಲೇ ಗೊತ್ತಿರುತ್ತಿತ್ತು, ವಿದ್ಯಾರ್ಥಿಗೂ ಗೊತ್ತಿರುತ್ತಿತ್ತು. ಅಂದು ಅವರು ಪರದೆಯ ಕಡೆ ಬಾಗಿ, ಸುತ್ತ ಯಾರಿದ್ದಾರೆಂಬುದನ್ನೇ ಮರೆತವರಂತೆ ಕನ್ನಡದಲ್ಲಿ ಕೇಳಿದರು.

"ಶ್ವೇತಾ, ಆ ಐದು ದಳದಲ್ಲಿ ಮೊದಲು ಬಿಚ್ಚೋದು ಯಾವುದಮ್ಮಾ? ಎಲ್ಲಾ ಒಟ್ಟಿಗೇನಾ, ಒಂದಾದ ಮೇಲೊಂದಾ?"

"ಗೊತ್ತಿಲ್ಲ ಸರ್."

"ನಂಗೂ ಗೊತ್ತಿಲ್ಲ ಕಣಮ್ಮಾ," ಅಂದರು. ಆಮೇಲೆ ಇನ್ನೂ ಮೆಲ್ಲಗೆ, "ನಂಗೆ ಆಗಲೂ, ಆ ಸಾಲು ಜೋಡಿಸಿದಾಗಲೂ, ಗೊತ್ತಿರಲಿಲ್ಲ."

ಪುಣೆಯ ಪ್ರಾಧ್ಯಾಪಕಿ ನನ್ನ ಕಡೆ ವಾಲಿ, "ಕಾಯ್ ಮ್ಹಣತಾಯತ ತೇ?" ಏನು ಹೇಳುತ್ತಿದ್ದಾರೆ ಅವರು ಎಂದು ಪಿಸುದನಿಯಲ್ಲಿ ಕೇಳಿದರು.

ಅದನ್ನು ಮರಾಠಿಯಲ್ಲಿ ಹೇಳಲು ನನಗೆ ಒಂದು ಗಳಿಗೆ ಬೇಕಾಯಿತು.

"ತಮಗೆ ಗೊತ್ತಿಲ್ಲ ಅಂತ ಹೇಳುತ್ತಿದ್ದಾರೆ," ಅಂದೆ.